ತಪ್ಪು ಬರೆಯುವ ಬೋರ್ಡು

ಮಗಳು ಶಾಲೆ ಬಿಟ್ಟು ಮೂರು ವರ್ಷವಾಯಿತು. ನಾನು ಮಾತ್ರ ಇನ್ನೂ ಬಿಟ್ಟಿಲ್ಲ. ಗುರುವಾರ ಸಂಜೆ ಮಂಡಕ್ಕಿ ಒಗ್ಗರಣೆಯ ಡಬ್ಬಿ ಹಿಡಿದು ಹೊರಟರೆ ಯಜಮಾನರು, "ಏನೇ, ಈಗ ಎಷ್ಟನೇ ಕ್ಲಾಸು ನೀನು?" ಎಂದು ರೇಗಿಸುತ್ತಾರೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ ಎರಡು ಮಗ್ಗದ ಮನೆ. ಮಗಳು ಹತ್ತನೇ ಕ್ಲಾಸಿಗೆ ಬಂದಾಗ ಅತ್ತೆ ಒಂದೇ ಮಾತು ಹೇಳಿದ್ದರು: "ಪಾಸಾದ್ರೆ ಕಾಲೇಜು, ಇಲ್ದಿದ್ರೆ ಮಗ್ಗ." ಅತ್ತೆಯ ಮಾತಿಗೆ ನಮ್ಮಲ್ಲಿ ಅಪೀಲಿಲ್ಲ. ಮಗಳಿಗೆ ಬೇರೆಲ್ಲ ಬರುತ್ತಿತ್ತು, ಗಣಿತವೊಂದು ಕಬ್ಬಿಣದ ಕಡಲೆ.

ಗಣಿತದ ಮೇಡಂ ಪದ್ಧತಿಯೇ ಬೇರೆ. ತಪ್ಪಾದ ಲೆಕ್ಕವನ್ನು ಅವರು ತಿದ್ದುತ್ತಿರಲಿಲ್ಲ. ಪಕ್ಕದಲ್ಲಿ ಕೆಂಪು ಚುಕ್ಕಿ ಇಟ್ಟು ವಾಪಸ್ ಕೊಡುತ್ತಿದ್ದರು. ಎಲ್ಲಿ ತಪ್ಪಿದೆಯೆಂದು ಮಗುವೇ ಹುಡುಕಬೇಕು. ಸಿಕ್ಕ ಮೇಲೆ ಕ್ಲಾಸಿನ ಹಿಂದಿನ ಬೋರ್ಡಿನಲ್ಲಿ ಆ ತಪ್ಪನ್ನು ಬರೆದು ಕೆಳಗೆ ತನ್ನ ಹೆಸರು ಹಾಕಬೇಕು, ಉಳಿದವರೆಲ್ಲ ಚಪ್ಪಾಳೆ ತಟ್ಟಬೇಕು. ತಪ್ಪಿಗೂ ಚಪ್ಪಾಳೆಯೇ! ನನಗೆ ಮೈಯೆಲ್ಲ ಉರಿಯಿತು. ಸೀರೆಯಲ್ಲಿ ಒಂದೆಳೆ ಕಿತ್ತಿದ್ದರೂ ಸಾಹುಕಾರರ ಕಣ್ಣಿಗೆ ಬೀಳುವ ಮೊದಲೇ ಸರಿಮಾಡಿಬಿಡುವ ಕೈ ನಮ್ಮದು. ಅದೇ ಅಭ್ಯಾಸದಲ್ಲಿ, ಪಕ್ಕದ ಮನೆಯ ಡಿಗ್ರಿ ಓದುವ ಹುಡುಗಿಯಿಂದ ಲೆಕ್ಕ ಮಾಡಿಸಿ, ಮಗಳ ಕೈಲಿ ನಕಲು ಬರೆಸಿ ಕಳಿಸತೊಡಗಿದೆ. ಚುಕ್ಕಿಗಳು ನಿಂತವು. ನಾನು ಬೀಗಿದೆ.

ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಅವಳಿಗೆ ಬಂದದ್ದು ಎಂಬತ್ತಕ್ಕೆ ಹನ್ನೊಂದು. ಸೆರಗು ಸಿಕ್ಕಿಸಿಕೊಂಡು ಜಗಳಕ್ಕೇ ಹೋದೆ. "ಮನೇಲಿ ಎಲ್ಲಾ ಸರಿಯಾಗಿ ಮಾಡ್ತಾಳೆ. ಇಲ್ಲೇನ್ ಹೇಳ್ಕೊಡ್ತೀರ ಮೇಡಂ?"

ಮೇಡಂ ಅವಳ ನೋಟ್‌ಬುಕ್ ತೆರೆದರು. "ಇದ್ರಲ್ಲಿ ಒಂದೂ ತಪ್ಪಿಲ್ಲಮ್ಮ. ಅವಳಿಗೆ ಎಲ್ಲಿ ತೊಡಕು ಅಂತ ನಂಗೆ ಹೆಂಗ್ ಗೊತ್ತಾಗ್ಬೇಕು? ಕಿತ್ತಿರೋ ಎಳೆ ತೋರಿಸ್ದೆ ಇದ್ರೆ ಯಾರು ಗಂಟು ಹಾಕ್ತಾರೆ, ನೀವೇ ಹೇಳಿ."

ಸಿಕ್ಕಿಸಿದ್ದ ಸೆರಗನ್ನು ಬಿಚ್ಚಿದೆ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಶಾಲೆ ಬಿಟ್ಟ ಮೇಲೂ ಒಂದಷ್ಟು ಮಕ್ಕಳು ಕೂತು ಲೆಕ್ಕ ಮಾಡುತ್ತಿದ್ದರು. ಅವರ ಜೊತೆ ಮಗಳನ್ನೂ ಕೂರಿಸಿದೆ. ತಿಂಡಿಗೆ ತಾಯಂದಿರ ಸರದಿ. ಟೈಲರ್ ಅಂಗಡಿಯ ಆಪಾ ಸೋಮವಾರ ಸಮೋಸ ತರುತ್ತಿದ್ದರು, ಗುರುವಾರ ನನ್ನ ಮಂಡಕ್ಕಿ. ತಮ್ಮ ಸರದಿ ಇಲ್ಲದ ದಿನವೂ ಆಪಾ ಬಂದು ಜಗಲಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದರು. ಒಂದು ಗುರುವಾರ ಮಗಳು ಒಂದೇ ಚುಕ್ಕಿಯ ಮುಂದೆ ಮುಕ್ಕಾಲು ಗಂಟೆ ಕೂತಳು. ಕಣ್ಣಲ್ಲಿ ನೀರು. ನಾನು ಏಳಹೋದರೆ ಆಪಾ ಕೈ ಹಿಡಿದು ಕೂರಿಸಿದರು: "ಬಿಡಿ ಅಕ್ಕಾ, ಅವಳೇ ನೋಡ್ಲಿ." ಸ್ವಲ್ಪ ಹೊತ್ತಿಗೆ "ಸಿಕ್ತು!" ಎಂಬ ಕೂಗು. ಮೂರನೇ ಸಾಲಿನಲ್ಲಿ ಮೈನಸ್ ಬಿಟ್ಟುಹೋಗಿತ್ತಂತೆ. ಅವಳು ಬೋರ್ಡಿನಲ್ಲಿ ಹೆಸರು ಬರೆದಾಗ ನನ್ನಷ್ಟು ಜೋರಾಗಿ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮಗಳು ಪಾಸಾದಳು. ಅತ್ತೆಯೇ ಬೀದಿಗೆಲ್ಲ ಸಕ್ಕರೆ ಹಂಚಿದರು. ಈಗ ಬಿ.ಎಸ್ಸಿ. ಓದುತ್ತಿದ್ದಾಳೆ. ಮೇಡಂ ಋಣ, ಆಪಾ ಋಣ ನಾನು ತೀರಿಸಲಾರೆ. ಅದಕ್ಕೇ ಈ ಮಂಡಕ್ಕಿ.

ಕಳೆದ ತಿಂಗಳು ಪೋಷಕರ ಸಭೆಯಲ್ಲಿ, ಹಳೆಯವರು ನಾಲ್ಕು ಮಾತಾಡಿ ಎಂದು ನನ್ನನ್ನು ಕರೆದರು. ಹೊಸ ತಾಯಂದಿರು ಮಕ್ಕಳ ಪುಸ್ತಕವನ್ನು ಮಡಿಲಲ್ಲಿ ಭದ್ರವಾಗಿ ಇಟ್ಟುಕೊಂಡು ಕೂತಿದ್ದರು. ಸೀಮೆಸುಣ್ಣ ತೆಗೆದುಕೊಂಡು ಹಿಂದಿನ ಬೋರ್ಡಿಗೆ ಹೋಗಿ ಬರೆದೆ: "ನಾಲ್ಕು ತಿಂಗಳು ಮಗಳ ಲೆಕ್ಕವನ್ನು ಬೇರೆಯವರಿಂದ ಮಾಡಿಸಿದೆ." ಕೆಳಗೆ ನನ್ನ ಹೆಸರು ಹಾಕಿದೆ.

ಮೊದಲು ಚಪ್ಪಾಳೆ ತಟ್ಟಿದವರು ಮೇಡಂ.