ಕೆಳಗಿನ ಮನೆಯ ರಬ್ಬಿ

ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ನಾನು ಒಬ್ಬಳೇ ಇದ್ದಾಗ ಕೆಳಗಿನ ಮನೆಯಲ್ಲಿದ್ದವರು ಒಬ್ಬ ಮಹಿಳಾ ರಬ್ಬಿ. ಉದಾರವಾದಿ ಯಹೂದಿಗಳ ಧರ್ಮಗುರು. ಅರವತ್ತು ದಾಟಿದ್ದರೂ ವಾರವಾರ ಬೇರೆ ಊರುಗಳ ರಬ್ಬಿಗಳೊಂದಿಗೆ ಧರ್ಮಗ್ರಂಥಗಳ ಆನ್‌ಲೈನ್ ಪಾಠಕ್ಕೆ ಕೂರುತ್ತಿದ್ದರು. ಏನೇ ಕೇಳಿದರೂ ಕನ್ನಡಕವನ್ನು ಹಣೆಗೇರಿಸಿ, "ನಾನಿನ್ನೂ ಓದ್ತಾ ಇದೀನಿ" ಎನ್ನುತ್ತಿದ್ದರು.

ಮೈಸೂರಿನಲ್ಲಿ ಅಮ್ಮ ತೀರಿಕೊಂಡರು. ಇಲ್ಲಿನ ವಾಸದ ಪರ್ಮಿಟ್ ನವೀಕರಣವಾಗದೆ ನನಗೆ ಹೋಗಲಾಗಲಿಲ್ಲ. "ಅಮ್ಮ ಈಗ ಎಲ್ಲಿದಾರೆ?" ಎಂದು ರಬ್ಬಿಯನ್ನು ಕೇಳಿದೆ.

"ಗೊತ್ತಿಲ್ಲಮ್ಮ. ನಾಳೆ ಪಾಠದಲ್ಲಿ ಕೇಳ್ತೀನಿ."

ಮರುದಿನ ಪಾಠ ಮುಗಿಸಿ, ಬೇಳೆ ಸೂಪಿನ ಪಾತ್ರೆ ಹಿಡಿದು ಬಂದರು. "ತುಂಬಾ ವಾದ ಆಯ್ತು. ಉತ್ತರ ಯಾರಿಗೂ ಸಿಗಲಿಲ್ಲ. ಆದ್ರೆ ನೀನು ಒಬ್ಬಳೇ ಊಟ ಮಾಡಬಾರದು ಅಂತ ಎಲ್ಲರೂ ಒಪ್ಪಿದ್ರು."

ಎರಡು ಬಟ್ಟಲಿಗೆ ಬಡಿಸಿ ಎದುರು ಕೂತು, "ಅಮ್ಮ ಏನೇನು ಅಡುಗೆ ಮಾಡ್ತಿದ್ರು?" ಎಂದು ಕೇಳಿದರು. ನಾನು ಹೇಳುತ್ತಾ ಹೋದೆ. ಬಟ್ಟಲು ಖಾಲಿಯಾದದ್ದೇ ತಿಳಿಯಲಿಲ್ಲ.