ರೋಸಮ್ಮನವರ ಮೊದಲ ಒಬ್ಬೆ

ಅಂಗಡಿಯಿಂದ ತಂದ ಹೊಸ ಬಾಚಣಿಗೆಗೆ ತೆಂಗಿನಹಾಲಿನ ವಾಸನೆ ಇರುವುದಿಲ್ಲ. ನನ್ನ ಬಾಲ್ಯದ ಬಾಚಣಿಗೆಗಳಿಗೆ ಇರುತ್ತಿತ್ತು. ಅಂಥದೇ ಒಂದು ಹಸಿರು ಬಾಚಣಿಗೆ ಈಗ ನನ್ನ ಮೇಜಿನ ಮೇಲಿದೆ. ಮೂಗಿನ ಬಳಿ ಹಿಡಿದರೆ ತೆಂಗಿನಹಾಲು, ಏಲಕ್ಕಿ, ಕಾದ ಎಣ್ಣೆ, ಅವೆಲ್ಲದರ ಅಡಿಯಲ್ಲಿ ತೀರಾ ಸಣ್ಣಗೆ ಪೆಟ್ರೋಲು. ಈ ವಾಸನೆಗಳೆಲ್ಲ ಒಂದೆಡೆ ಸೇರುತ್ತಿದ್ದ ಮನೆ ಬಿನ್ನಿಪೇಟೆಯಲ್ಲಿ ಒಂದೇ ಒಂದು ಇತ್ತು. ಅದು ಈಗ ಇಲ್ಲ. ಅದಿದ್ದ ಜಾಗದಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಕಾರುಗಳು ನಿಲ್ಲುತ್ತವೆ. ಆ ಮನೆಯ ಕುರಿತು ಕಳೆದ ಡಿಸೆಂಬರಿನಲ್ಲಿ ಸಾರ್ವಜನಿಕವಾಗಿ ಹೇಳಲಾದ ಸುಳ್ಳಿಗೆ ನನ್ನ ಆಕ್ಷೇಪಣೆಯನ್ನು ದಾಖಲಿಸುವ ಸಲುವಾಗಿ ಇದನ್ನು ಬರೆಯುತ್ತಿದ್ದೇನೆ. ಕಚೇರಿ ಪತ್ರಗಳ ಹೊರತು ಬೇರೇನೂ ಬರೆದು ಅಭ್ಯಾಸವಿಲ್ಲದ ಕಾರಣ, ಬರವಣಿಗೆಯಲ್ಲಿ ಲೋಪಗಳಿದ್ದಲ್ಲಿ ಓದುಗರು ಮನ್ನಿಸಬೇಕಾಗಿ ಕೋರುತ್ತೇನೆ. ಸಿಟ್ಟನ್ನು ಮನ್ನಿಸುವ ಅಗತ್ಯವಿಲ್ಲ.

ಸದರಿ ಮನೆ ಬಟ್ಟೆ ಗಿರಣಿಯ ಹಿಂಬದಿಯ ಗಲ್ಲಿಯಲ್ಲಿದ್ದ ವಠಾರದ ಕೊನೆಯ ಮನೆ. ಅದರ ಪಕ್ಕದ್ದು ನಮ್ಮದು. ನಡುವೆ ಒಂದೇ ಗೋಡೆ. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತಿತ್ತು. ನಮ್ಮ ತಂದೆಯವರು ಗಿರಣಿಯಲ್ಲಿ ಗುಮಾಸ್ತರಾಗಿದ್ದರು. ಪಕ್ಕದ ಮನೆಯ ಅಂತೋಣಪ್ಪನವರು ವಠಾರದ ಬಾಯಲ್ಲೇ ತಗಡಿನ ಶೆಡ್ಡು ಹಾಕಿಕೊಂಡು ಕಾರುಗಳನ್ನು ರಿಪೇರಿ ಮಾಡುತ್ತಿದ್ದರು. ಅವರ ಪತ್ನಿ ರೋಸಮ್ಮನವರು. ಒಬ್ಬನೇ ಮಗ ಆಲ್ಬರ್ಟ್. ವಠಾರಕ್ಕೆಲ್ಲ ಆಲ್ಬಿ, ನನ್ನ ಓರಗೆಯವನು. ಇಂದು ಹೆಲ್ಮೆಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಜಾಹೀರಾತು ಫಲಕಗಳಲ್ಲಿ ನಗುವ ರೇಸ್ ಕಾರು ಚಾಲಕ ಅವನೇ. ಆಗ ಅವನು ಶಾಲೆಯಿಂದ ಬಂದೊಡನೆ ಯಾವುದಾದರೊಂದು ಕಾರಿನ ಅಡಿಗೆ ಸೇರಿಬಿಡುತ್ತಿದ್ದ. ರಿಪೇರಿಯಾದ ಅಂಬಾಸಿಡರುಗಳನ್ನು ಗಲ್ಲಿಯಿಂದ ಹಿಂದಕ್ಕೆ ತೆಗೆಯುವ ಕೆಲಸ ಬಹುಬೇಗ ಅವನ ಪಾಲಿಗೆ ಬಂತು. ಗೋಡೆಗೂ ಕಾರಿಗೂ ಅಂಗೈಯಷ್ಟು ಅಂತರ. ನಮ್ಮಮ್ಮ ಹೊಸ್ತಿಲ ಹೊರಗಿಟ್ಟ ರಂಗೋಲಿ ಡಬ್ಬಿಯನ್ನೂ ತಾಕಿಸದೆ ಅವನು ಕಾರನ್ನು ರಸ್ತೆಗೆ ಇಳಿಸುವಾಗ ವಠಾರವೇ ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಡಿಸೆಂಬರು ಬಂತೆಂದರೆ ರೋಸಮ್ಮನವರು ಮೂಲೆಯ ಅಂಗಡಿಯಿಂದ ಒಂದು ಹೊಸ ಬಾಚಣಿಗೆ ತರಿಸುತ್ತಿದ್ದರು. ತಲೆಗಲ್ಲ, ಕಲ್ಕಲ್ ಎಂಬ ಕ್ರಿಸ್‌ಮಸ್ ತಿಂಡಿಗೆ. ಮೈದಾ, ರವೆ, ತೆಂಗಿನಹಾಲು ಕಲಸಿದ ಹಿಟ್ಟಿನ ಪುಟ್ಟ ಉಂಡೆಯನ್ನು ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಸುರುಳಿ ಸುತ್ತಿದರೆ ಗೆರೆಗೆರೆಯ ಕವಡೆಯಂತಾಗುತ್ತದೆ; ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಒತ್ತುವ ಕೆಲಸಕ್ಕೆ ನಾನೂ ಆಲ್ಬಿಯೂ. "ಏಯ್, ಆ ಗ್ರೀಸ್ ಕೈಯಲ್ಲಿ ಹಿಟ್ಟು ಮುಟ್ಟಿದ್ರೆ ಕೈ ಮುರೀತೀನಿ. ಪೆಟ್ರೋಲಲ್ಲಿ ತೊಳ್ಕೊಂಡು, ಆಮೇಲೆ ಸೋಪ್ ಹಾಕ್ಕೊಂಡು ಬಾ" ಎಂದು ಅವರು ಗದರಿಸಿದರೆ, "ಸ್ವಲ್ಪ ಗ್ರೀಸ್ ಇದ್ರೆ ಗಂಟ್ಲಲ್ಲಿ ಸಲೀಸಾಗಿ ಇಳಿಯುತ್ತೆ ಕಣಮ್ಮಾ" ಎಂದು ಅವನು. ಹಬ್ಬ ಮುಗಿದ ಮೇಲೆ ಆ ಬಾಚಣಿಗೆಯನ್ನು ಬಿಸಿನೀರಿನಲ್ಲಿ ತೊಳೆದು ನನಗೆ ಕೊಡುತ್ತಿದ್ದರು. ಉದ್ದ ಜಡೆ ಇದ್ದದ್ದು ವಠಾರದಲ್ಲಿ ನನಗೊಬ್ಬಳಿಗೇ. ಹೀಗಾಗಿ ವರ್ಷವಿಡೀ ನನ್ನ ತಲೆ ಕ್ರಿಸ್‌ಮಸ್ಸಿನ ವಾಸನೆ ಹೊತ್ತು ತಿರುಗುತ್ತಿತ್ತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮದು ಮೊಟ್ಟೆ ಮುಟ್ಟದ ಮನೆ. ರೋಸಮ್ಮನವರ ಹಿಟ್ಟಿಗೆ ಮೊಟ್ಟೆ ಬೇಕೇ ಬೇಕು. ಇದಕ್ಕೆ ಅವರು ತಾವಾಗಿಯೇ ಒಂದು ಕ್ರಮ ಮಾಡಿಕೊಂಡಿದ್ದರು. ಮೊದಲ ಒಬ್ಬೆ ನಮ್ಮದು. ತೊಳೆದ ಒಲೆ, ಹಬ್ಬಕ್ಕೆಂದೇ ಅಟ್ಟದಿಂದ ಇಳಿಸಿದ ಬಾಣಲೆ, ಹೊಸ ಎಣ್ಣೆ. ಆ ಒಬ್ಬೆ ಕರಿದು, ತಟ್ಟೆಗೆ ಹಾಕಿ, ಕಸೂತಿಯ ಬಟ್ಟೆ ಮುಚ್ಚಿ, ತಾವೇ ನಮ್ಮ ಬಾಗಿಲಿಗೆ ತಂದುಕೊಟ್ಟ ಮೇಲೆಯೇ ಮೊಟ್ಟೆ ತರಲು ಆಲ್ಬಿಯನ್ನು ಅಂಗಡಿಗೆ ಕಳಿಸುತ್ತಿದ್ದುದು. ಅಲ್ಲಿಯವರೆಗೆ ಆ ಮನೆಯೊಳಗೆ ಮೊಟ್ಟೆ ಕಾಲಿಡುವಂತಿರಲಿಲ್ಲ. ತಟ್ಟೆ ನೀಡುವಾಗ ಪ್ರತಿ ವರ್ಷ ಅದೇ ಮಾತು: "ಮೊಟ್ಟೆ ಇನ್ನೂ ಅಂಗಡೀಲೇ ಇದೆ ಕಮಲಮ್ಮಾ, ಧೈರ್ಯವಾಗಿ ತಿನ್ನಿ." ಅಮ್ಮ ನಗುತ್ತಾ ತಟ್ಟೆಯನ್ನು ಬರಿದು ಮಾಡಿ, ಸಕ್ಕರೆ ತುಂಬಿಸಿ ಹಿಂದಿರುಗಿಸುತ್ತಿದ್ದಳು. ಖಾಲಿ ತಟ್ಟೆ ಹಿಂದಿರುಗುವ ಪದ್ಧತಿ ನಮ್ಮ ವಠಾರದಲ್ಲಿ ಇರಲಿಲ್ಲ.

ಗಿರಣಿ ಮುಚ್ಚಿದ ವರ್ಷದ ಡಿಸೆಂಬರಿನಲ್ಲಿ ನಮ್ಮ ಡಬ್ಬಿಯಲ್ಲಿ ಸಕ್ಕರೆ ಇರಲಿಲ್ಲ. ತಂದೆಯವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ತಟ್ಟೆ ಬರುವ ಹೊತ್ತಿಗೆ ಸರಿಯಾಗಿ ಅಮ್ಮ ಬಾಗಿಲ ಚಿಲಕ ಹಾಕಿ, ಉಸಿರಾಡಬೇಡ ಎಂಬಂತೆ ನನಗೆ ಸನ್ನೆ ಮಾಡಿದಳು. ಹೊರಗಿನಿಂದ ರೋಸಮ್ಮನವರು, "ಕಮಲಮ್ಮಾ, ಒಳಗಿದೀರಾ ಅಂತ ಗೊತ್ತು. ತಟ್ಟೆ ಭಾರ ಇದೆ, ಕೈ ಬಿದ್ದೋಗ್ತಿದೆ, ತೆಗೀರಿ" ಎಂದರು. ಅಮ್ಮ ತೆಗೆದಳು. ಆ ವರ್ಷ ಕಲ್ಕಲ್‌ನ ಅಡಿಯಲ್ಲಿ ಅಕ್ಕಿ ಇತ್ತು, ಬೇಳೆ ಇತ್ತು, ಅದಕ್ಕೇ ಭಾರ. ಅಮ್ಮ ಹಿತ್ತಿಲಿಗೆ ಹೋಗಿ ಕುಂಡದ ಕನಕಾಂಬರವನ್ನೆಲ್ಲ ಬಿಡಿಸಿ ತಟ್ಟೆಯಲ್ಲಿಟ್ಟು ಕೊಟ್ಟಳು. ರೋಸಮ್ಮನವರು ಅಲ್ಲೇ ನಿಂತು ಅದನ್ನು ಮುಡಿದುಕೊಂಡು, "ಸಕ್ಕರೆ ತಿಂದು ತಿಂದು ಹಲ್ಲು ಹಾಳಾಗಿತ್ತು, ಇದೇ ವಾಸಿ" ಎಂದರು. ಅವರ ಶೆಡ್ಡಿಗೂ ಆ ದಿನಗಳಲ್ಲಿ ಕಾರು ಬರುತ್ತಿರಲಿಲ್ಲ. ಇದನ್ನು ಓದುಗರು ವಿಶೇಷವಾಗಿ ಗಮನಿಸಬೇಕು.

ಮುಂದೆ ಒಬ್ಬ ಗಿರಾಕಿಯ ರ‍್ಯಾಲಿ ಕಾರನ್ನು ಪರೀಕ್ಷೆಗೆಂದು ಓಡಿಸಿದ ಆಲ್ಬಿ, ಅದೇ ಸುತ್ತನ್ನು ಗಿರಾಕಿಗಿಂತ ಬೇಗ ಮುಗಿಸಿ ಬಂದು ನಿಂತ. ಅಲ್ಲಿಂದ ಅವನ ದಾರಿ ಬೇರೆಯಾಯಿತು. ಚೆನ್ನೈ ಕಡೆಯ ಟ್ರ್ಯಾಕು, ಆಮೇಲೆ ಹೊರದೇಶ, ಗೆದ್ದ ಕಪ್ಪುಗಳು. ವಠಾರ ನೆಲಸಮವಾಗಿ ನಾವೆಲ್ಲ ಬಸವೇಶ್ವರನಗರ, ಕೆಂಗೇರಿ, ಶ್ರೀಗಂಧದ ಕಾವಲ್ ಎಂದು ಚದುರಿದೆವು. ಆದರೂ ಕ್ರಿಸ್‌ಮಸ್ ಬಂದರೆ ಅವನು ತಾಯಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಹಳೆಯ ನೆರೆಯವರ ಮನೆಮನೆಗೂ ತಟ್ಟೆ ತರುತ್ತಿದ್ದ. ನಮ್ಮ ತಂದೆಯವರ ಕೊನೆಯ ದಿನಗಳಲ್ಲಿ, ಮರುದಿನ ವಿಮಾನ ಹಿಡಿಯಬೇಕಾದವನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತೇ ಇದ್ದ. ಅವನ ಕೈ ದೊಡ್ಡದು ಎಂಬುದನ್ನು ನಾನು ಎಂದೂ ಅಲ್ಲಗಳೆಯುವುದಿಲ್ಲ. ಆ ಕೈ ಅವನಿಗೆ ಯಾರಿಂದ ಬಂತೆಂಬುದೇ ನನ್ನ ತಕರಾರು.

ರೋಸಮ್ಮನವರು ತೀರಿಕೊಂಡ ನಂತರದ ಮೊದಲ ಕ್ರಿಸ್‌ಮಸ್ ಬಂತು. ಅವನ ರೇಸಿಗೆ ಹಣ ಹಾಕುವ ಕಂಪನಿಯೊಂದು ರಾಜಾಜಿನಗರದ ಸಭಾಂಗಣದಲ್ಲಿ ಕಾರ್ಯಕ್ರಮ ಏರ್ಪಡಿಸಿ ನಮ್ಮನ್ನೆಲ್ಲ ಕರೆಸಿತು. ಅಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಬಾಗಿಲಲ್ಲೇ ಅವಳ ಕೊರಳಿಗೊಂದು ಪಟ್ಟಿ ಹಾಕಿದರು. ಅದರ ಮೇಲೆ 'ಫಲಾನುಭವಿ' ಎಂದು ಅಚ್ಚಾಗಿತ್ತು. ನಾನು ತೆಗೆಯಹೋದರೆ, "ಬಿಡೇ, ಆಲ್ಬಿ ಮನೆ ಫಂಕ್ಷನ್ನು" ಎಂದಳು. ವೇದಿಕೆಯಲ್ಲಿ ನಿರೂಪಕನೊಬ್ಬ, ಆಲ್ಬರ್ಟ್ ಹೊಟ್ಟೆಗಿಲ್ಲದೆ ಬೆಳೆದ ಹುಡುಗ, ಕ್ರಿಸ್‌ಮಸ್ ದಿನವೂ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ, ನೆರೆಹೊರೆಯವರು ಕೊಟ್ಟ ತುತ್ತಿನ ಋಣ ತೀರಿಸಲು ಇಂದು ಬಂದಿದ್ದಾರೆ ಎಂದು ಗದ್ಗದನಾಗಿ ಹೇಳಿದ. ಒಲೆ ಉರಿಯುತ್ತಿರಲಿಲ್ಲವಂತೆ! ತನಗಿಲ್ಲದಾಗಲೂ ಪಕ್ಕದ ಮನೆಗೆಂದು ಒಲೆ ತೊಳೆದು ಹಚ್ಚಿದ ಹೆಂಗಸಿನ ಬಗ್ಗೆ ಆಡಿದ ಮಾತಿದು. ಆಲ್ಬಿ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದ. ಇಲ್ಲವೆನ್ನಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನ್ನ ಕೈಗಳು ಮಡಿಲಲ್ಲಿ ಮುಷ್ಟಿಯಾಗಿ ಬಿದ್ದಿದ್ದವು.

ಸಾಲಿನಲ್ಲಿ ನಿಂತ ಅಮ್ಮನ ಸರದಿ ಬಂದಾಗ ಆಲ್ಬಿ ಕ್ಯಾಮೆರಾದ ಕಡೆ ತಿರುಗಿ ನಕ್ಕು ಅವಳ ಕೈಗೆ ಉಡುಗೊರೆಯ ಚೀಲ ಕೊಟ್ಟ. ಮೇಲೆಯೇ ಕೇಕಿನ ಡಬ್ಬಿ ಕಾಣುತ್ತಿತ್ತು. ಅಮ್ಮ ಮೆಲ್ಲನೆ, "ಇದ್ರಲ್ಲಿ ಮೊಟ್ಟೆ ಇದ್ಯೇನೋ ಆಲ್ಬಿ?" ಎಂದಳು. ಅವನು ಬಾಯಿ ತೆರೆಯುವ ಮೊದಲೇ ನಿರೂಪಕ ಮೈಕಿನಲ್ಲಿ, "ಆಂಟೀ, ಮೊಟ್ಟೆ ಇಲ್ದೆ ಇರೋಕೆ ಅದೇನು ಮೈಸೂರ್‌ಪಾಕಾ?" ಎಂದ. ಸಭಾಂಗಣವೆಲ್ಲ ನಕ್ಕಿತು. ಆಲ್ಬಿಯ ಮುಖದ ಮೇಲೆ ನಗು ಹಾಗೇ ಉಳಿಯಿತು, ಕಣ್ಣು ಮಾತ್ರ ನಗುತ್ತಿರಲಿಲ್ಲ. ಅಮ್ಮ ಚೀಲವನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕೊರಳ ಪಟ್ಟಿಯನ್ನು ತೆಗೆದು ಅದರ ಪಕ್ಕದಲ್ಲಿಟ್ಟು, "ತಿನ್ನೋರಿಗೆ ಕೊಡಪ್ಪ" ಎಂದು ಇಳಿದು ಬಂದಳು.

ಹಬ್ಬದ ಹಿಂದಿನ ಸಂಜೆ ನಮ್ಮ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಹೆಜ್ಜೆ ಸಪ್ಪಳವಾಯಿತು. ಆಲ್ಬಿ ಒಬ್ಬನೇ. ಕೈಯಲ್ಲಿ ಅದೇ ತಟ್ಟೆ, ಮೇಲೆ ಅದೇ ಕಸೂತಿ ಬಟ್ಟೆ. ಬಲಗೈಯ ಎರಡು ಬೆರಳಿಗೆ ಎಣ್ಣೆ ಸಿಡಿದು ಬೊಬ್ಬೆ ಎದ್ದಿತ್ತು. ಬಾಗಿಲ ಹೊರಗೇ ನಿಂತು, ತಲೆ ಎತ್ತದೆ ಹೇಳಿದ: "ಮೊಟ್ಟೆ ಇನ್ನೂ ಅಂಗಡೀಲೇ ಇದೆ ಕಮಲಾಂಟಿ."

ಅಮ್ಮ ತಕ್ಷಣ ತಟ್ಟೆ ಮುಟ್ಟಲಿಲ್ಲ. "ಇಲ್ಲಿ ಹೇಳ್ತೀಯಲ್ಲೋ, ಇದನ್ನ ಅಲ್ಲಿ ಮೈಕಲ್ಲಿ ಹೇಳೋಕೇನಾಗಿತ್ತು? ನಿಮ್ಮಮ್ಮ ಯಾವತ್ತು ನಿನ್ನ ಉಪವಾಸ ಕೆಡವಿದ್ಲೋ?"

"ಕಂಪನಿಯೋರು ಬರ್ಕೊಂಡು ಬಂದಿದ್ರು ಆಂಟಿ. ಹಿಂಗಿದ್ರೆ ಜನಕ್ಕೆ ಹಿಡಿಸುತ್ತೆ ಅಂದ್ರು. ನಾನು ಹೂಂ ಅಂದ್ಬಿಟ್ಟೆ."

"ನಿಂಗೆ ಕಪ್ ಕೊಟ್ಟೋರ ಹೆಸರೆಲ್ಲ ಬಾಯಲ್ಲಿದೆ. ಅವಳ ಹೆಸರು ಒಂದು ಸಲ ಬರ್ಲಿಲ್ಲವಲ್ಲೋ."

ಅವನು ತಟ್ಟೆಯನ್ನು ಇನ್ನಷ್ಟು ಮುಂದೆ ಚಾಚಿದ. ಅಮ್ಮ ತಟ್ಟೆ ತೆಗೆದುಕೊಂಡಳು. ಕಲ್ಕಲ್‌ಗಳು ಸೊಟ್ಟಪಟ್ಟ, ಕೆಲವು ಕಪ್ಪಗಾಗಿದ್ದವು. ಒಂದನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು. ತಟ್ಟೆಗೆ ಸಕ್ಕರೆ ತುಂಬಿಸಿ, ಅದರ ಮೇಲೆ ಒಂದು ಕನಕಾಂಬರ ಹೂ ಇಟ್ಟು, "ನಿಮ್ಮಮ್ಮನ ಫೋಟೋಗೆ ಇಡು" ಎಂದು ಕೊಟ್ಟಳು. ಹೊರಡುವಾಗ ಅವನು ಜೇಬಿನಿಂದ ಈ ಹಸಿರು ಬಾಚಣಿಗೆ ತೆಗೆದು ನನ್ನ ಕೈಗಿಟ್ಟ.

ಆ ಕಾರ್ಯಕ್ರಮದ ವಿಡಿಯೋ ಈಗಲೂ ಎಲ್ಲರ ಮೊಬೈಲಿನಲ್ಲಿ ತಿರುಗುತ್ತಿದೆ. ಅದರಲ್ಲಿ ಆ ಒಲೆ ಈಗಲೂ ಉರಿಯುತ್ತಿಲ್ಲ. ನನ್ನ ಸಿಟ್ಟು ಇಳಿದಿಲ್ಲ, ಇಳಿಯಲೆಂದು ನಾನು ಬಯಸುವುದೂ ಇಲ್ಲ. ಬಾಚುವಷ್ಟು ಜಡೆ ನನ್ನ ತಲೆಯಲ್ಲಿ ಈಗ ಉಳಿದಿಲ್ಲ. ಅವನು ಬಾಚಣಿಗೆಯನ್ನು ಸರಿಯಾಗಿ ತೊಳೆದಿರಲಿಲ್ಲ. ಹಲ್ಲುಗಳ ಸಂದಿಯಲ್ಲಿ ಹಿಟ್ಟು ಒಣಗಿ ಕುಳಿತಿದೆ. ರೋಸಮ್ಮನವರಾಗಿದ್ದರೆ ಬಿಸಿನೀರಿನಲ್ಲಿ ತೊಳೆದೇ ಕೊಡುತ್ತಿದ್ದರು. ನಾನು ತೊಳೆದಿಲ್ಲ.