ಇಲ್ಲದ ಚಾಕು

ಮೊನ್ನೆ ಹೊಲಿಗೆ ಮಿಷಿನ್ನಿಗೆ ಎಣ್ಣೆ ಬಿಡುವಾಗ ಆ ವಾಸನೆ ಮೂಗಿಗೆ ಬಡಿದು ಗನ್‌ಮ್ಯಾನ್ ಅಣ್ಣ ನೆನಪಾದರು. ಶಿವಾಜಿನಗರದ ಚಿನ್ನದ ಅಂಗಡಿಯಲ್ಲಿ ನಾನು ಸೇಲ್ಸಿನಲ್ಲಿದ್ದಾಗ ಬಾಗಿಲಲ್ಲಿ ಜೋಡು ನಳಿಗೆ ಬಂದೂಕು ಹಿಡಿದು ನಿಲ್ಲುತ್ತಿದ್ದವರು. ಸೋಮವಾರ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ಇದೇ ಎಣ್ಣೆಯಲ್ಲಿ ಅದನ್ನು ಒರೆಸುತ್ತಿದ್ದರು...

ಯಾದಗಿರಿ ಕಡೆಯವರು. ರಾಮಮೂರ್ತಿ ನಗರದಲ್ಲಿ ನಮ್ಮ ಪಕ್ಕದ ಬಾಡಿಗೆ ರೂಮು. ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ಅವರ ಅಪ್ಪ ಇಟ್ಟುಕೊಂಡಿದ್ದ ಬಂದೂಕಿನ ಲೈಸೆನ್ಸು ಇವರ ಹೆಸರಿಗೆ ಬಂದಿತ್ತು. ಅದಿದ್ದುದರಿಂದಲೇ ಈ ಕೆಲಸ. ಚುನಾವಣೆ ಬಂತೆಂದರೆ ಮಾತ್ರ ಫಜೀತಿ. ಬಂದೂಕನ್ನು ಠಾಣೆಗೆ ಒಪ್ಪಿಸಬೇಕು. ಆ ದಿನಗಳಲ್ಲಿ ಅಣ್ಣ ಬರೀ ಬೆತ್ತ ಹಿಡಿದು ನಿಲ್ಲುತ್ತಿದ್ದರು, ಸಾಹುಕಾರರು ಗೊಣಗುತ್ತಿದ್ದರು.

ಅಂಥದೇ ಒಂದು ಮಧ್ಯಾಹ್ನ, ಗಿರಾಕಿಯ ಹಾಗೆ ಬಂದವನೊಬ್ಬ ನಾನು ತೋರಿಸುತ್ತಿದ್ದ ಸರವನ್ನು ಎಡಗೈಯಲ್ಲಿ ಕಿತ್ತುಕೊಂಡು ಓಡಿದ. ಅಣ್ಣ ಅಟ್ಟಿಸಿಕೊಂಡು ಹೋಗಿ ಗಲ್ಲಿಯ ತಿರುವಿನಲ್ಲಿ ಕೆಡವಿದರು. ನಾನೂ ಹಿಂದೆಯೇ ಓಡಿದ್ದೆ. ಸರ ಸಿಕ್ಕಿತು. ಅಷ್ಟರಲ್ಲಿ ಜನ ಮುಗಿಬಿದ್ದರು. ಕೈಗೆ ಸಿಕ್ಕವನನ್ನು ಬಾರಿಸುವುದಕ್ಕೆ ನಮ್ಮಲ್ಲಿ ಯಾವ ಲೈಸೆನ್ಸೂ ಬೇಡ ನೋಡಿ. ಅಣ್ಣ ಅವನಿಗೆ ಅಡ್ಡವಾಗಿ ನಿಂತು, "ಹೊಡೀಬ್ಯಾಡ್ರಿ! ಸಿಕ್ಕಾನಲ್ಲ, ಸಾಕು" ಎಂದು ಕೂಗಿದರು. ಏಟುಗಳು ಅವರ ಬೆನ್ನಿಗೂ ಬಿದ್ದವು.

ಅವನು ಸೆಂಟ್ರಿಂಗ್ ಕೆಲಸದವನಂತೆ. ಮಹಡಿಯಿಂದ ಬಿದ್ದು ಬಲಗೈ ಸೊಟ್ಟಗಾದ ಮೇಲೆ ಮೇಸ್ತ್ರಿ ಇನ್ನು ಬರಬೇಡ ಎಂದಿದ್ದನಂತೆ. ಆ ಬೆರಳುಗಳು ಮಡಚುತ್ತಲೂ ಇರಲಿಲ್ಲ.

ಸಾಹುಕಾರರಿಗೆ ಅಷ್ಟು ಸಾಲಲಿಲ್ಲ. "ಚಾಕು ತೋರಿಸ್ದ ಅಂತ ಠಾಣೇಲಿ ಹೇಳ್ಬಿಡಪ್ಪ, ಕೇಸ್ ಗಟ್ಟಿಯಾಗುತ್ತೆ. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ" ಎಂದರು.

"ಇಲ್ಲದ್ ಚಾಕು ಎಲ್ಲಿಂದ ತರ್ಲಿ ಸಾವ್ಕಾರ್ರ? ಕಳವು ಮಾಡ್ಯಾನ, ಅಷ್ಟ ಹೇಳ್ತೀನಿ" ಎಂದ ಅಣ್ಣ ನನ್ನತ್ತ ತಿರುಗಿದರು. "ನೀನೂ ನೋಡಿದಿಯಲ್ಲ ತಂಗಿ?"

ನಾನು ತಲೆ ತಗ್ಗಿಸಿ ಟ್ರೇ ಜೋಡಿಸುತ್ತಾ ನಿಂತೆ... ಥೂ, ನನ್ನ ಹೆದರಿಕೆಗಿಷ್ಟು!

ಅವರ ಕೆಲಸ ಹೋಯಿತು. ಚುನಾವಣೆ ಮುಗಿದ ಮೇಲೂ ಬಂದೂಕು ತರಲು ಠಾಣೆಗೆ ಹೋಗಲಿಲ್ಲ. "ಅವತ್ತ ಕೈಯಾಗ ಅದು ಇದ್ದಿದ್ರ ಹೊಡದೇ ಬಿಡ್ತಿದ್ನಿ. ಬ್ಯಾಡ ತಂಗಿ" ಎಂದರು. ನಾನು ಸಾಕ್ಷಿ ಹೇಳದ್ದಕ್ಕೆ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಕೆ.ಆರ್. ಪುರದ ಗೋದಾಮಿನಲ್ಲಿ ಮೂಟೆ ಹೊತ್ತರು, ಆಮೇಲೆ ಊರಿಗೆ ಹೋದರು. ಹೋದ ವರ್ಷ ತೀರಿಕೊಂಡರಂತೆ.

ಈಗ ನಮ್ಮ ಬೀದಿಯಲ್ಲೂ ಸರಗಳ್ಳತನ ಆಗಿದೆ. ಕಳೆದ ಭಾನುವಾರ ಬೀದಿಯವರೆಲ್ಲ ಸೇರಿದ ಮೀಟಿಂಗಿನಲ್ಲಿ ಒಬ್ಬ, "ಮನೆಗೊಂದ್ ಗನ್ ಇದ್ರೆ ಯಾವನ್ ಬರ್ತಾನೆ ಗುರು?" ಎಂದಾಗ ಎಲ್ಲರೂ ತಲೆಯಾಡಿಸಿದರು. ನನಗೆ ಮೈ ಉರಿದುಹೋಯಿತು. ಎದ್ದು ನಿಂತು ಸರ, ಸೊಟ್ಟ ಕೈ, ಸಾಹುಕಾರರ ಮಾತು, ಒಂದೂ ಬಿಡದೆ ಹೇಳಿದೆ. "ಕಳ್ಳನ್ ಪರ ಮಾತಾಡ್ತೀರಲ್ಲ, ಕೂತ್ಕೊಳ್ರೀ" ಎಂದು ಯಾರೋ ಗದರಿದರು.

"ಕೂತ್ಕೊಳಲ್ಲ. ಅವನ ಹತ್ರ ಚಾಕು ಇರ್ಲಿಲ್ಲ, ನಾನ್ ನೋಡಿದೀನಿ" ಎಂದೆ. ಅಣ್ಣ ಕೇಳಿದ್ದಕ್ಕೆ ಉತ್ತರ ಕೊಡಲು ನನಗೆ ಇಷ್ಟು ವರ್ಷ ಬೇಕಾಯಿತು. ಕೇಳಿದವರು ಈಗ ಇಲ್ಲ.